ಶಂಖದ ಬಿರುಕು

ಮೇ 27, ಸೋಮವಾರ

ಪತಂಗದ ಕೋಣೆಯ ಉಷ್ಣಾಂಶ ಬರೆದಿಡಿ ಅಂತ ನಮ್ಮ ಘಟಕದ ಚಿತ್ರಾ ಮೇಡಂ ಜನವರಿಯಲ್ಲಿ ಈ ಡೈರಿ ಕೊಟ್ಟಿದ್ದರು. ಆಮೇಲೆ ಅದಕ್ಕೆ ಬೇರೆ ರಿಜಿಸ್ಟರೇ ಬಂತು. ಗೊಬ್ಬರದ ಕಂಪನಿಯ ಡೈರಿ, ದಪ್ಪ ರಟ್ಟು, ಪುಟಕ್ಕೊಂದು ಗಾದೆ ಬೇರೆ. ಇಂಥದ್ದನ್ನು ಖಾಲಿ ಬಿಡುವುದು ನನ್ನ ಜಾಯಮಾನವಲ್ಲ. ಊಟದ ಬಿಡುವಿನಲ್ಲೋ ಮನೆಗೆ ಹೋದ ಮೇಲೋ ಬರೆಯುತ್ತೇನೆ. ಯಾರೂ ಓದಬೇಕಾಗಿಲ್ಲ.

ಬೆಳಿಗ್ಗೆ ಬೀರುವಿನಿಂದ ತೆಗೆದಾಗ ರಟ್ಟಿನ ಮೇಲೆ ಹೆಸರು ಬರೆಯುವಷ್ಟು ಪತಂಗದ ಹುಡಿ ಕೂತಿತ್ತು. ಒಂದೇ ಸಲ ಊದಿದೆ. ಮೇಜಿನ ಆ ತುದಿಯಲ್ಲಿ ಮೊಟ್ಟೆ ಜರಡಿ ಹಿಡಿಯುತ್ತಿದ್ದ ಸಣ್ಣತಾಯಮ್ಮನ ತಲೆಯ ತನಕ ಹಾರಿತು. ದಾಸಯ್ಯ, ನಿಂದು ಬಾಯೋ ಕಮ್ಮಾರನ ತಿದಿಯೋ ಅಂತ ಬೈದಳು. ನನಗೆ ಅದು ಬೈಗುಳವಲ್ಲ, ಬಿರುದು.

ನಿನ್ನೆ ಮದ್ದೂರಿನಲ್ಲಿ ನೆಂಟರ ಮನೆಯ ತಿಥಿ ಊಟದಲ್ಲಿ ಪಕ್ಕದ ಎಲೆಯವನು ಏನು ಕೆಲಸ ಅಂದ. ಹುಳು ಸಾಕುತ್ತೇನೆ ಅಂದೆ. ರೇಷ್ಮೆಯಾ ಅಂದ. ಅಲ್ಲ, ಅಕ್ಕಿ ಪತಂಗ ಅಂದೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಕ್ಕಿ ಡಬ್ಬದಲ್ಲಿ ಬಲೆ ಕಟ್ಟಿ, ಮುಚ್ಚಳ ತೆಗೆದರೆ ಮುಖಕ್ಕೆ ಹಾರುತ್ತದಲ್ಲ, ಆ ಬೂದಿ ಬಣ್ಣದ ಚಿಕ್ಕ ಪತಂಗ. ಹೆಂಗಸರು ಹುಡುಕಿ ಹುಡುಕಿ ಕೊಲ್ಲುವುದನ್ನು ನಾವು ಭಾರತೀನಗರದ ಹೊರಗೆ ಒಂದು ಘಟಕ ಕಟ್ಟಿಕೊಂಡು ಟ್ರೇಗಟ್ಟಲೆ ಬೆಳೆಸುತ್ತೇವೆ. ಅದರ ಮೊಟ್ಟೆಯನ್ನು ಕಾರ್ಡಿಗೆ ಅಂಟಿಸಿ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಣಜಕ್ಕೆ ಕೊಡುತ್ತೇವೆ. ಕಣಜ ಆ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಕಾರ್ಡನ್ನು ಕಬ್ಬಿನ ಗರಿಗೆ ಸಿಕ್ಕಿಸಿದರೆ, ಹುಟ್ಟಿ ಬಂದ ಕಣಜ ಕಬ್ಬು ತಿನ್ನುವ ಕೊರಕ ಹುಳುವಿನ ಮೊಟ್ಟೆಗಳಿಗೂ ಅದೇ ಗತಿ ಕಾಣಿಸುತ್ತದೆ. ಔಷಧಿ ಹೊಡೆಯುವ ಕೆಲಸವೇ ಇಲ್ಲ. ಮೊಟ್ಟೆ ಹೊರಗಿನಿಂದ ನೆಟ್ಟಗೇ ಇರುತ್ತದೆ, ನಾಲ್ಕನೆಯ ದಿನ ಕಪ್ಪಾಗುತ್ತದೆ, ಅಷ್ಟೆ. ಒಳಗೆ ಬೇರೆ ಯಾರೋ ಬಂದು ಕೂತಿದ್ದಾರೆ ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ.

ಇವತ್ತಿನ ಸುದ್ದಿ ಏನೆಂದರೆ, ಪತಂಗ ಹೀರುವ ಮೆಷಿನ್ನು ಸುಟ್ಟುಹೋಯಿತು. ರಿಪೇರಿಗೆ ಮೈಸೂರಿಗೆ ಹೋಗಬೇಕು. ದಿನಕ್ಕೆ ನಾಲ್ಕೈದು ಸಾವಿರ ಪತಂಗ ಹಿಡಿಯುವ ಜಾಗದಲ್ಲಿ ಗಾಜಿನ ಕೊಳವೆ ಕವುಚಿ ಒಂದೊಂದೇ ಹಿಡಿದರೆ ಆದೀತೇ? ಮೇಡಂ ಓದುವ ಕಾಲದಲ್ಲಿ ಬಳಸುತ್ತಿದ್ದ ಬಾಯಿ ನಳಿಗೆಯೊಂದು ಬೀರುವಿನಲ್ಲಿತ್ತು. ರಬ್ಬರಿನ ಒಂದು ತುದಿ ಬಾಯಿಗೆ, ಇನ್ನೊಂದು ತುದಿ ಸೀಸೆಗೆ, ನಡುವೆ ತೆಳು ಬಟ್ಟೆ. ಉಸಿರು ಎಳೆದರೆ ಪತಂಗ ಸೀಸೆಗೆ ಬೀಳುತ್ತದೆ. ಹತ್ತಿಪ್ಪತ್ತು ಹುಳುವಿಗೆ ಸರಿ, ಸಾವಿರಕ್ಕಲ್ಲ ಅಂದರು ಮೇಡಂ. ನನಗೆ ನಗು ಬಂತು. ನಮ್ಮದು ತಿರುಪತಿ ಒಕ್ಕಲಿನ ಮನೆಗಳಿಗೆ ಶಂಖ ಊದುವ ದಾಸಯ್ಯರ ವಂಶ. ಅಪ್ಪ ಕೆಂಪಯ್ಯ ಊದಿದರೆ ಪಕ್ಕದೂರಿನ ದನ ತಲೆ ಎತ್ತುತ್ತಿದ್ದವು. ಅದೇ ಶಂಖ ನನ್ನ ಕೈಯಲ್ಲಿ ಒಂದೇ ಉಸಿರಿಗೆ ಮೂವತ್ತೆರಡು ಎಣಿಸುವ ತನಕ ನಿಲ್ಲುತ್ತದೆ. ಮಧ್ಯಾಹ್ನದೊಳಗೆ ಎರಡು ಸಾವಿರ ಪತಂಗ ಹಿಡಿದು ತೋರಿಸಿದೆ. ಮೇಡಂ ಮೆಚ್ಚಿದರು. ಮಾಸ್ಕ್ ಮರೆಯಬೇಡಿ ಕೆಂಪರಾಜು ಅಂತಲೂ ಅಂದರು. ಬಾಯಲ್ಲಿ ನಳಿಗೆ ಇಟ್ಟುಕೊಂಡವನು ಮಾಸ್ಕನ್ನು ಹಣೆಗೆ ಕಟ್ಟಿಕೊಳ್ಳಲೇ?

ಜೂನ್ 8, ಶನಿವಾರ

ಈ ಹುಳುವಿನಲ್ಲಿ ಹೆಣ್ಣಿಗೆ ಮೂತಿ ಮುಂದಕ್ಕೆ ಚಾಚಿದೆ, ಗಂಡಿನದು ಮೊಂಡು. ಹೆಂಡತಿ ಇಂದ್ರಮ್ಮನಿಗೆ ಹೇಳಿದೆ, ನಮ್ಮ ಮನೆಯ ಹಾಗೇ ಅಂತ. ಎರಡು ಹೊತ್ತು ಮಾತಾಡಲಿಲ್ಲ. ಇದರ ಕುಲದಲ್ಲಿ ಇನ್ನೂ ಕೆಲವು ಜಾತಿಗಳಿವೆಯಂತೆ, ಅವುಗಳನ್ನು ಯಾರೂ ಸರಿಯಾಗಿ ನೋಡಿಲ್ಲವಂತೆ. ಯಾರೂ ಕಣ್ಣೆತ್ತಿ ನೋಡದ ಕುಲಕ್ಕೆ ನಮ್ಮಲ್ಲಿ ಮಾತ್ರ ರಾಜೋಪಚಾರ. ಜೋಳದ ನುಚ್ಚು, ಕಡ್ಲೆಕಾಯಿ ಪುಡಿ, ಜೇನಿನ ಹತ್ತಿ.

ಸಣ್ಣತಾಯಮ್ಮ ಇವತ್ತು ಕೆಲಸ ಬಿಟ್ಟಳು. ನಮ್ಮ ಊರಿನವಳೇ, ನಮ್ಮ ಹಿಂದಿನ ಬೀದಿ. ಏಳು ವರ್ಷದಿಂದ ಮೊಟ್ಟೆಗೂ ರೆಕ್ಕೆಯ ಹುಡಿಗೂ ಜರಡಿ ಹಿಡಿದು ಬೇರೆ ಮಾಡುವುದು ಅವಳ ಕೆಲಸ. ಈಚೆಗೆ ಒಂದು ಜರಡಿ ಆಡಿಸಿದರೆ ಎರಡು ಸಲ ಹೊರಗೆ ಹೋಗಿ ಹೊಂಗೆ ಮರದಡಿ ಕೂರುತ್ತಿದ್ದಳು. ಹೋಗುವಾಗ ನನ್ನ ಹತ್ತಿರ ಬಂದು ನಳಿಗೆಯನ್ನು ಕಿತ್ತುಕೊಂಡು ಮೇಜಿನ ಮೇಲಿಟ್ಟಳು.

“ನಾನಾರ ಏಳ್ ವರ್ಸ ಜಲ್ಡೆ ಇಡ್ದೆ ಮಗ, ಮೂಗ್ನಲ್ಲಿ ಓಯ್ತು. ನೀನು ಬಾಯ್ ಕೊಟ್ಟು ಒಳೀಕ್ ಎಳ್ಕತಾ ಇದ್ದೀಯಲ್ಲೋ. ಬುಟ್ಬುಡ್ಲಾ.”

ಮೊದಲು ನೀನು ಹೊಗೆಸೊಪ್ಪು ಬಿಡು, ಕೆಮ್ಮು ತಾನಾಗಿ ಹೋಗುತ್ತೆ ಅಂದೆ. ನಕ್ಕಳು. ನಗುವುದಕ್ಕೂ ಗೋಡೆ ಹಿಡಿದುಕೊಂಡಳು.

ಜೂನ್ 19, ಬುಧವಾರ

ಕೊಪ್ಪದ ಜಯಪ್ರಕಾಶ್ ಕಾರ್ಡಿಗೆ ಬಂದಿದ್ದ. ಹೋದ ಸಲ ನಮ್ಮ ಕಾರ್ಡು ಕಟ್ಟಿದ ಮೇಲೆ ಅವನ ಕಬ್ಬಿನಲ್ಲಿ ಸುಳಿ ಒಣಗುವುದು ನಿಂತಿದೆ. ಅವನು ಮೇಡಂಗೆ ಕೈಮುಗಿದರೂ ಪತಂಗ ಸಾಕಿದ ಕೈ ಯಾರದು ಅಂತ ಅವನಿಗೂ ಗೊತ್ತು.

ಶ್ರಾವಣದ ನಾಲ್ಕನೇ ಶನಿವಾರ ಅವರ ಮನೆಯಲ್ಲಿ ತಿರುಪತಿ ಸ್ವಾಮಿಯ ಹೆಸರಿನಲ್ಲಿ ಹರಿಸೇವೆ. ಹೋದ ವರ್ಷ ನಾಲೆಗೆ ನೀರಿಲ್ಲ ಅಂತ ನಡೆಯಲಿಲ್ಲ, ಈ ವರ್ಷ ಮುನ್ನೂರು ಎಲೆ ಹಾಕಿಸುತ್ತಾನಂತೆ. ಅವರ ಮನೆಯ ಕಟ್ಟಳೆ ಬಿಗಿ. ಅಡುಗೆ ಎಲ್ಲಾ ಬಡಿಸಿ ಆದಮೇಲೆ ದಾಸಯ್ಯ ಮೂರು ಸಲ ಉಸಿರು ಮುರಿಯದೆ ಶಂಖ ಊದಬೇಕು. ಮೂರೂ ಆಗುವ ತನಕ ಎಲೆಗೆ ಕೈ ಹಾಕುವ ಹಾಗಿಲ್ಲ. ಉಸಿರು ಮುರಿದರೆ ಆ ದಾಸಯ್ಯನನ್ನು ಮತ್ತೆ ಕರೆಯುವುದಿಲ್ಲ. ತಾತ ಊದಿದ, ಅಪ್ಪ ಊದಿದ, ಹನ್ನೊಂದು ವರ್ಷದಿಂದ ನಾನು. ಜಯಪ್ರಕಾಶನ ತಾಯಿಗೆ ಎಂಬತ್ತೈದು, ಈ ಸಲ ಕೆಂಪಯ್ಯನ ಶಂಖ ಕೇಳಿಬಿಟ್ಟರೆ ಸಾಕು ಅನ್ನುತ್ತಿದ್ದಾರಂತೆ. ಬೇಕಿದ್ದರೆ ನಾಲ್ಕು ಸಲ ಊದುತ್ತೇನೆ ಅಂತ ಹೇಳಿಕಳಿಸಿದೆ.

ಮಳವಳ್ಳಿಯಲ್ಲಿ ಚಿಕ್ಕಪ್ಪನ ಮಗ ರಾಜೇಂದ್ರ ಇದ್ದಾನೆ, ಮೊಬೈಲ್ ಅಂಗಡಿ. ಅವನು ಹರಿಸೇವೆಗೆ ಹೋದರೆ ಶಂಖದ ಶಬ್ದವನ್ನು ಸ್ಪೀಕರಿನಲ್ಲಿ ಹಾಕುತ್ತಾನೆ. ದೇವರಿಗೂ ಬ್ಲೂಟೂತ್ ಬೇಕೇನೋ.

ಜೂನ್ 27, ಗುರುವಾರ

ಜೋಳದ ಮೂಟೆಗೆ ಈಚೆಗೆ ಜಾಸ್ತಿ ತುಂಬುತ್ತಿದ್ದಾರೆ. ಮೂಟೆ ಹೊತ್ತು ಉಗ್ರಾಣದ ಹದಿನಾಲ್ಕು ಮೆಟ್ಟಿಲು ಒಂದೇ ದಮ್ಮಿಗೆ ಹತ್ತುತ್ತಿದ್ದವನು ಇವತ್ತು ಎಂಟನೆಯದರಲ್ಲಿ ನಿಂತೆ. ಇಳಿಸಿ ತೂಗಿಸಿದೆ, ಎಂದಿನ ಐವತ್ತು ಕಿಲೋವನ್ನೇ ತೋರಿಸಿತು. ತಕ್ಕಡಿಯೂ ಹಳೆಯದಾಯಿತು.

ಗಂಟಲಲ್ಲಿ ಕಿಚಿಕಿಚಿ. ಸಂಜೆ ಉಗುಳಿದರೆ ಬೂದಿ ಬಣ್ಣ. ಇಂದ್ರಮ್ಮ ನನ್ನ ಅಂಗಿಯನ್ನು ಬೇರೆ ಬಟ್ಟೆಯ ಜೊತೆ ನೆನೆಹಾಕುವುದನ್ನು ಬಿಟ್ಟಿದ್ದಾಳೆ. ನಿನ್ನೆ ಅಕ್ಕಿ ಡಬ್ಬ ತಂದು ಮುಂದಿಟ್ಟಳು. ಅಕ್ಕಿ ಉಂಡೆ ಉಂಡೆಯಾಗಿ ಬಲೆ ಕಟ್ಟಿದೆ.

“ನಿಮ್ ನೆಂಟ್ರು ಮನೆಗೂ ಬಂದವ್ರೆ, ಏನ್ ಬಡ್ಸಣ ಯೋಳಿ,” ಅಂದಳು.

ಬಿಸಿಲಿಗೆ ಹಾಕು ಅಂದೆ. ನಿಜ ಹೇಳಬೇಕೆಂದರೆ ಸ್ವಲ್ಪ ಸಂತೋಷವೇ ಆಯಿತು. ಸಾಕಿದವನನ್ನು ಹುಡುಕಿಕೊಂಡು ಬಂದಿವೆ.

ಜುಲೈ 6, ಶನಿವಾರ

ಶನಿವಾರದ ಪೂಜೆಗೆ ಶಂಖ ಊದಿದೆ. ಇಪ್ಪತ್ತಮೂರಕ್ಕೆ ನಿಂತಿತು. ಮತ್ತೆ ಊದಿದೆ, ಇಪ್ಪತ್ತೊಂದು.

ಶಂಖ ಒಣಗಿದೆ. ಎರಡು ವರ್ಷ ಬಿಸಿಲೆಂದರೆ ಬಿಸಿಲು, ಕಲ್ಲೇ ಸೀಳುತ್ತದೆ. ಬಾಯಿಗೆ ಕೊಬ್ಬರಿ ಎಣ್ಣೆ ಸವರಿ ಎರಡು ದಿನ ಹಾಗೇ ಇಟ್ಟು ನೋಡಬೇಕು.

ಜುಲೈ 8, ಸೋಮವಾರ

ಅಂದುಕೊಂಡದ್ದೇ ಆಯಿತು. ಕೆಲಸದಿಂದ ಬಂದವನೇ ಶಂಖವನ್ನು ಟಾರ್ಚ್ ಬಿಟ್ಟು ನೋಡಿದೆ. ಊದುವ ಬಾಯಿಯ ಒಳಗೆ ಕೂದಲೆಳೆಯಷ್ಟು ಬೂದು ಗೆರೆ. ಬಿರುಕು. ಇಂದ್ರಮ್ಮನಿಗೆ ಹೇಳಲಿಲ್ಲ. ಮನೆಯ ಶಂಖ ಬಿರುಕು ಬಿಡುವುದು ಒಳ್ಳೆಯ ಲಕ್ಷಣವಲ್ಲ.

ಜುಲೈ 11, ಗುರುವಾರ

ಸಣ್ಣತಾಯಮ್ಮ ಮಂಗಳವಾರ ಹೋಗಿಬಿಟ್ಟಳು.

ಅವರದೂ ತಿರುಪತಿಯ ನಾಮದ ಒಕ್ಕಲು. ಹೆಣದ ಮುಂದೆ ಶಂಖ ಜಾಗಟೆ ನನ್ನದೇ. ಮನೆಯ ಹೊಸ್ತಿಲಲ್ಲಿ ಒಂದು, ಊರಿನ ಬಾಗಿಲಲ್ಲಿ ಒಂದು, ಮಣ್ಣು ಮಾಡುವ ಹೊಲದ ಬದುವಿನಲ್ಲಿ ಒಂದು. ಮೊದಲನೆಯದು ಆಯಿತು. ಎರಡನೆಯದು ಆದ ಹಾಗೆ ಆಯಿತು. ಮೂರನೆಯದು ನಡುವೆ ಮುರಿಯಿತು. ಜಾಗಟೆ ಜೋರಾಗಿ ಬಾರಿಸಿ ಮುಚ್ಚಿಹಾಕಿದೆ. ದುಃಖಕ್ಕೆ ಗಂಟಲು ಕಟ್ಟಿತು ಅಂದುಕೊಂಡರು, ನಾನೂ ಹೌದು ಅಂದೆ. ದುಃಖ ಇದ್ದದ್ದೂ ನಿಜ. ಏಳು ವರ್ಷ ಒಂದೇ ಮೇಜಿನಲ್ಲಿ ಬುತ್ತಿ ಬಿಚ್ಚಿದವರು ನಾವು, ಅವಳ ಉಪ್ಪಿನಕಾಯಿಯ ಅರ್ಧ ನನ್ನ ಎಲೆಗೇ ಬರುತ್ತಿತ್ತು.

ಅವಳ ತಂಗಿ ಹೇಳಿದಳು, ಕಡೆಯ ಹದಿನೈದು ದಿನ ಮಲಗಲೇ ಇಲ್ಲವಂತೆ. ಗೋಡೆಗೆ ಒರಗಿ ಕೂತೇ ಇರುತ್ತಿದ್ದಳಂತೆ.

“ಎದೆ ಮ್ಯಾಲೆ ಬೂದಿ ಬಿದ್ದದೆ, ಯಾರಾರ ಊದ್ರಪ್ಪ ಅನ್ನೋಳು. ನಾವೇನ್ ಊದಾನ ಯೋಳಣ್ಣ.”

ಹೊಗೆಸೊಪ್ಪು ಬಿಟ್ಟಿದ್ದಳೇ ಅಂತ ಕೇಳಿದೆ. ಎರಡು ವರ್ಷದ ಹಿಂದೆಯೇ ಬಿಟ್ಟಿದ್ದಳಂತೆ. ನನಗೆ ಗೊತ್ತಿರಲಿಲ್ಲ.

ಮೇಡಂ ಮಂಡ್ಯದಿಂದ ಹೂವಿನ ಹಾರ ತಂದಿದ್ದರು. ಹಿಂತಿರುಗುವಾಗ ಬಸ್‌ಸ್ಟಾಪಿನಲ್ಲಿ ನನ್ನ ಮುಖವನ್ನೇ ನೋಡಿ, ನೀವೊಂದು ಸಲ ಎದೆ ತೋರಿಸಿಕೊಳ್ಳಿ ಕೆಂಪರಾಜು ಅಂದರು. ನನ್ನ ಎದೆಗೇನು, ಶಂಖದ ಬಿರುಕಿನದೇ ಚಿಂತೆ ಅನ್ನಬೇಕೆಂದಿದ್ದೆ. ಬಸ್ಸು ಬಂತು.

ಜುಲೈ 21, ಭಾನುವಾರ, ತಿರುಪತಿ

ಬಂದದ್ದು ಸಾರ್ಥಕ. ಗುರುವಾರ ರಜೆ ಹಾಕಿ ಇಂದ್ರಮ್ಮನನ್ನೂ ಶಂಖವನ್ನೂ ಕರೆದುಕೊಂಡು ಹೊರಟೆ. ಮೊದಲ ದಿನ ಕ್ಯೂನಲ್ಲಿ ನಿಲ್ಲುವುದೇ ಕಷ್ಟವಾಗಿತ್ತು. ಎರಡನೆಯ ದಿನ ಕೆಮ್ಮು ಇಳಿಯಿತು. ನಿನ್ನೆ ನೆಲದ ಮೇಲೆ ಅಂಗಾತ ಮಲಗಿ ಬೆಳಗಿನ ತನಕ ನಿದ್ದೆ ಹೊಡೆದೆ, ಗೊರಕೆಗೆ ಪಕ್ಕದ ಆಂಧ್ರದವರು ಎದ್ದು ಬೇರೆ ಕಡೆ ಹೋದರಂತೆ. ಇವತ್ತು ಬೆಟ್ಟದ ಮೆಟ್ಟಿಲ ಬುಡದಲ್ಲಿ ನಿಂತು ಶಂಖ ಊದಿದೆ. ಇಪ್ಪತ್ತೊಂಬತ್ತು! ಇಂದ್ರಮ್ಮ ಕಣ್ಣು ಒರೆಸಿಕೊಂಡಳು.

ಸ್ವಾಮಿಯ ಗಾಳಿ ತಾಕಿದ್ದೇ ಶಂಖ ಸರಿಯಾಯಿತು. ವರ್ಷಕ್ಕೊಮ್ಮೆ ತಂದು ಇಲ್ಲಿಯ ನೆಲ ಮುಟ್ಟಿಸಬೇಕಿತ್ತು, ತಪ್ಪು ನನ್ನದೇ. ಇಂದ್ರಮ್ಮ ಇನ್ನೇನೋ ಹೇಳುತ್ತಾಳೆ. ನಾಲ್ಕು ದಿನ ಹುಳದ ಮನೆಗೆ ಹೋಗದೆ ಇದ್ದದ್ದಕ್ಕೆ ಅಂತ. ಹೆಂಗಸರಿಗೆ ಎಲ್ಲದಕ್ಕೂ ಗಂಡನ ಕೆಲಸದ ಮೇಲೇ ಕಣ್ಣು.

ಜುಲೈ 25, ಗುರುವಾರ

ನಾಲೆಗೆ ನೀರು ಬಿಟ್ಟಿದ್ದಾರೆ. ಎಲ್ಲ ಕಡೆ ಕಾರ್ಡು ಕಾರ್ಡು ಅಂತ ಫೋನು. ನಾನಿಲ್ಲದ ನಾಲ್ಕು ದಿನ ಹಿಡಿಯುವವರಿಲ್ಲದೆ ಪತಂಗಗಳು ಟ್ರೇಗಳಲ್ಲಿ ಕುದಿಯುತ್ತಿದ್ದವು. ಮುಚ್ಚಿದ ಬಟ್ಟೆ ತೆಗೆದರೆ ಒಲೆ ಕೆದಕಿದ ಹಾಗೆ ಬೂದಿ ಎದ್ದಿತು. ಮೂರು ದಿನದಲ್ಲಿ ಹದಿನೈದು ಸಾವಿರ ಎಳೆದೆ.

ಸಂಜೆ ಶಂಖ ಊದಿದರೆ ಹದಿನಾರು. ಬಿರುಕು ಮತ್ತೆ ಬಾಯಿ ಬಿಟ್ಟಿದೆ.

ಆಗಸ್ಟ್ 1, ಗುರುವಾರ

ಮೇಡಂ ಬಿಡಲಿಲ್ಲ, ತಮ್ಮ ಜೊತೆಯಲ್ಲೇ ಮಂಡ್ಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಹುಡುಗ ಡಾಕ್ಟರು. ಕೈಗೊಂದು ಪ್ಲಾಸ್ಟಿಕ್ ಪೀಪಿ ಕೊಟ್ಟು, ಜೋರಾಗಿ ಊದಿ ಯಜಮಾನ್ರೇ ಅಂದ. ದಾಸಯ್ಯನಿಗೆ ಊದು ಅನ್ನುತ್ತಾನಲ್ಲ ಅಂತ ನಗು ಬಂತು. ಊದಿದೆ. ಪೀಪಿಯೊಳಗಿನ ಮುಳ್ಳು ಅರ್ಧಕ್ಕೂ ಹೋಗಲಿಲ್ಲ. ಮೂರು ಸಲ ಊದಿಸಿದ. ಬೇರೆ ಪೀಪಿ ಕೊಡಿ ಸ್ವಾಮಿ, ಇದು ಕೆಟ್ಟಿದೆ ಅಂದೆ. ಅವನು ಅದೇ ಪೀಪಿಯನ್ನು ಒರೆಸಿ, ತುದಿ ಬದಲಾಯಿಸಿ ತಾನೇ ಊದಿ ತೋರಿಸಿದ. ಮುಳ್ಳು ಕೊನೆಗೆ ಹೋಗಿ ಬಡಿಯಿತು. ಅವನ ಕೈಗೆ ಪಳಗಿದ ಪೀಪಿ.

ಕೆಲಸ ಏನು ಅಂದ. ಹೇಳಿದೆ. ಬರೆಯುವುದನ್ನು ನಿಲ್ಲಿಸಿದ. ಎಷ್ಟು ದಿನದಿಂದ ಬಾಯಲ್ಲಿ ಎಳೆಯುತ್ತಿದ್ದೀರಿ, ಅಂದ. ಆಮೇಲೆ ನಿಧಾನವಾಗಿ ಹೇಳಿದ: “ಔಷಧಿ ಎಷ್ಟು ಕೊಟ್ಟರೂ ಆ ಕೋಣೆಯಿಂದ ಹೊರಗೆ ಬರದೆ ಪ್ರಯೋಜನ ಇಲ್ಲ. ಈಗ ಬಂದರೆ ಉಳಿದದ್ದು ಉಳಿಯುತ್ತೆ. ಹೋದದ್ದು ವಾಪಸ್ ಬರಲ್ಲ.”

ಬಾಯಿಗೆ ಹೊಡೆದುಕೊಂಡು ಒಳಗೆ ಎಳೆಯುವ ಔಷಧಿ ಕೊಟ್ಟ. ಎಳೆಯುವುದನ್ನು ನನಗೆ ಕಲಿಸಬೇಕೇ! ಬರುವಾಗ ಮೇಡಂ ಮೆಷಿನ್ನು ಬರುವ ತನಕ ಪತಂಗ ಹಿಡಿಯುವುದನ್ನೇ ನಿಲ್ಲಿಸೋಣ ಅಂದರು. ಈಗ ನಿಲ್ಲಿಸಿದರೆ ಇಪ್ಪತ್ತು ದಿನದ ಮೊಟ್ಟೆ ಹೋಯಿತು, ಕಬ್ಬಿನವರಿಗೆ ಯಾರು ಉತ್ತರ ಹೇಳುವುದು ಅಂದೆ. ಶನಿವಾರ ಒಂದು ದಿನ ನಾನು ದಾಸಯ್ಯ, ಮಿಕ್ಕ ದಿನ ಪತಂಗದ ಕೆಂಪರಾಜು. ಎರಡೂ ಈ ಉಸಿರಿನದೇ ಅನ್ನ. ಮೇಡಂ ಕಿಟಕಿಯ ಕಡೆ ತಿರುಗಿ ಕೂತರು. ಬೇಡ ಅಂತಲೂ ಅನ್ನಲಿಲ್ಲ.

ಆಗಸ್ಟ್ 5, ಸೋಮವಾರ

ಶ್ರಾವಣ ಹುಟ್ಟಿತು. ಅಪ್ಪನ ಶಂಖವನ್ನು ಮದ್ದೂರಿನ ಶಿಂಷೆಗೆ ಬಿಟ್ಟುಬಿಡುವುದು ಅಂತ ತೀರ್ಮಾನಿಸಿದ್ದೆ. ಬಿರುಕು ಬಿಟ್ಟ ಶಂಖವನ್ನು ಮನೆಯಲ್ಲಿಟ್ಟುಕೊಂಡು ಅಪಶಕುನ ಸಾಕುವುದೇ? ಮಂಡ್ಯದಲ್ಲಿ ಹೊಸ ಶಂಖ ತಂದಾಗಿದೆ. ಅಂಗಡಿಯವನು ಊದಿ ತೋರಿಸಿದಾಗ ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು.

ನಿನ್ನೆ ರಾಜೇಂದ್ರ ಬಂದಿದ್ದ. ಶಂಖ ಸುತ್ತಿಟ್ಟಿದ್ದ ಕೆಂಪು ಬಟ್ಟೆಯ ಗಂಟು ಕಂಡು ಏನಣ್ಣ ಅಂದ. ಹೇಳಿದೆ.

“ನೀರ್ಗೆ ಬುಡಬ್ಯಾಡ ಕಣಣ್ಣ, ದೊಡ್ಡಪ್ಪನ್ ಸಂಖ. ನಂಗ್ ಕೊಡು, ಬಾಯ್ಗೆ ಬೆಳ್ಳಿ ಕಟ್ಟುಸ್ತೀನಿ. ಊದಾಕಾಗ್ದೆ ಇದ್ರೆ ದೇವರ ಮನೇಲಾರ ಇರ್ಲಿ.”

ಸ್ಪೀಕರಿನವನಿಗೆ ಮೂಕ ಶಂಖ, ಒಳ್ಳೆಯ ಜೋಡಿ ಅಂತ ತಮಾಷೆ ಮಾಡಿ ಕೊಟ್ಟೆ. ಅವನು ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ. ಅವನ ಬೈಕು ಮರೆಯಾಗುವ ತನಕ ಬಾಗಿಲಲ್ಲಿ ನಿಂತಿದ್ದೆ.

ಆಗಸ್ಟ್ 10, ಶನಿವಾರ

ಮೊದಲನೇ ಶ್ರಾವಣ ಶನಿವಾರ. ಹೊಸ ಶಂಖ ಇನ್ನೂ ಬಾಯಿಗೆ ಒಗ್ಗಿಲ್ಲ. ಎಣಿಕೆ ಹತ್ತು ದಾಟಲಿಲ್ಲ. ಅಂಗಡಿಯವನು ಊದಿ ತೋರಿಸಿದ್ದು ಒಂದು, ಕಟ್ಟಿಕೊಟ್ಟದ್ದು ಇನ್ನೊಂದು. ಈ ಕಾಲದಲ್ಲಿ ಯಾರನ್ನು ನಂಬುವುದು.

ಬೀದಿಯ ಮನೆಗಳಿಗೆಲ್ಲ ಬರೀ ಜಾಗಟೆ ಬಾರಿಸಿಕೊಂಡು ಹೋದೆ. ಗೋವಿಂದ ಅನ್ನುವುದಕ್ಕೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಯಿತು. ಬೀದಿ ಮೊದಲು ಇಷ್ಟು ಉದ್ದ ಇರಲಿಲ್ಲ.

ಆಗಸ್ಟ್ 19, ಸೋಮವಾರ

ಮೆಷಿನ್ನು ಬಂತು. ಹಾಕಿ ನೋಡಿದೆ. ಒರಟು, ಪತಂಗದ ರೆಕ್ಕೆ ಹರಿಯುತ್ತದೆ. ಮೇಡಂ ವಾರದ ತರಬೇತಿಗೆ ಹೋಗಿದ್ದಾರೆ. ಮೂಲೆಗಿಟ್ಟು ನಳಿಗೆಯನ್ನೇ ತೆಗೆದುಕೊಂಡೆ. ಮೊದಲು ಒಂದು ಎಳೆತಕ್ಕೆ ನಾಲ್ಕು ಬೀಳುತ್ತಿದ್ದವು, ಈಗ ಒಂದು. ಪತಂಗವೂ ಬಲಿತಿವೆ.

ಚಾಪೆಯಲ್ಲಿ ಮಲಗಿದರೆ ಸೊಂಟ ಹಿಡಿಯುತ್ತದೆ. ಗೋಡೆಗೆ ಒರಗಿ ಕೂತರೆ ಹಾಯಾಗಿರುತ್ತದೆ. ನಿದ್ದೆಯೂ ಹಾಗೇ ಆಗುತ್ತದೆ.

ಆಗಸ್ಟ್ 24, ಶನಿವಾರ

ಮೂರನೇ ಶನಿವಾರ. ಹೋಗಲಿಲ್ಲ. ಮಳೆ.

ಮಳೆ ಬರಲಿಲ್ಲ ಅನ್ನುತ್ತಾಳೆ ಇಂದ್ರಮ್ಮ.

ಸೆಪ್ಟೆಂಬರ್ 1, ಭಾನುವಾರ

ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತೇನೆ.

ನಿನ್ನೆ ಕೊಪ್ಪದ ಹರಿಸೇವೆ. ಶುಕ್ರವಾರ ರಜೆ ಹಾಕಿ ಶಂಖವನ್ನು ಮುಟ್ಟದೆ ಉಸಿರು ಕೂಡಿಟ್ಟುಕೊಂಡಿದ್ದೆ. ಡಾಕ್ಟರ ಔಷಧಿಯನ್ನೂ ಎರಡು ಸಲ ಎಳೆದುಕೊಂಡೆ. ಇಂದ್ರಮ್ಮನೂ ಜೊತೆಗೆ ಬಂದಳು. ರಾಜೇಂದ್ರ ಜಾಗಟೆಗೆ ಬಂದಿದ್ದ, ಸ್ಪೀಕರ್ ತಂದಿರಲಿಲ್ಲ. ಮನೆ ಮುಂದಿನ ಶಾಮಿಯಾನದಲ್ಲಿ ಮುನ್ನೂರು ಎಲೆ. ಅನ್ನ, ಹುಳಿ, ಪಾಯಸ ಎಲ್ಲಾ ಬಡಿಸಿ ಆಯಿತು. ಜನ ಕೈಕಟ್ಟಿ ಕೂತರು. ಜಯಪ್ರಕಾಶನ ತಾಯಿಯನ್ನು ಕುರ್ಚಿಯಲ್ಲಿ ತಂದು ನನ್ನ ಎದುರಿಗೆ ಕೂರಿಸಿದರು.

ಮೊದಲನೆಯದು ಕರುವಿನ ಕೂಗಿನ ಹಾಗೆ ಬಂದು ನಿಂತಿತು. ಎರಡನೆಯದಕ್ಕೆ ಬರೀ ಗಾಳಿ. ಮೂರನೆಯದಕ್ಕೆ ಶಂಖ ಬಾಯಿಗೆ ಹೋಗುವ ಮೊದಲೇ ಕೆಮ್ಮು ಬಂತು. ಎಷ್ಟು ಹೊತ್ತು ಕೆಮ್ಮಿದೆನೋ ಗೊತ್ತಿಲ್ಲ. ಕಂಬ ಹಿಡಿದುಕೊಂಡು ತಲೆ ಎತ್ತಿದರೆ ಮುನ್ನೂರು ಜನ ಎಲೆ ನೋಡುತ್ತಾ ಕೂತಿದ್ದಾರೆ. ಯಾರೂ ನನ್ನ ಮುಖ ನೋಡಲಿಲ್ಲ. ಅನ್ನ ಆರುತ್ತಿತ್ತು.

ರಾಜೇಂದ್ರ ಚೀಲದಿಂದ ಕೆಂಪು ಬಟ್ಟೆಯ ಗಂಟು ತೆಗೆದ. ನನ್ನನ್ನು ನೋಡಿದ. ನಾನು ತಲೆ ಆಡಿಸಿದೆ. ಬೇರೆ ಏನು ಮಾಡಲಿ?

ಊದಿದ. ಎಣಿಸಬಾರದು ಅಂದುಕೊಂಡರೂ ಎಣಿಸಿದೆ. ಮೂವತ್ತು ದಾಟಿತು. ಮೂರು ಸಲವೂ ದಾಟಿತು. ಅಪ್ಪ ಊದುವಾಗ ಹೇಗೆ ಕೊನೆಯಲ್ಲಿ ಸ್ವರ ಒಂಚೂರು ಮೇಲಕ್ಕೆ ಹೋಗುತ್ತಿತ್ತೋ ಹಾಗೇ ಹೋಯಿತು. ಅದು ಅಪ್ಪನ ಉಸಿರಿನ ಗುಣ ಅಂದುಕೊಂಡಿದ್ದೆ, ಶಂಖದ ಗುಣ; ಊದುವವನ ಕಿವಿಗೆ ಅದು ಬೀಳುವುದಿಲ್ಲ. ಮುದುಕಿ ಕಣ್ಣು ಮುಚ್ಚಿಕೊಂಡು, “ಇದು ಕೆಂಪಯ್ಯನ್ ಸಂಖ ಕಣಪ್ಪ,” ಅಂದರು. ಆಮೇಲೆ ಎಲ್ಲರೂ ಎಲೆಗೆ ಕೈ ಹಾಕಿದರು.

ಊಟವಾದ ಮೇಲೆ ಜಯಪ್ರಕಾಶ್ ನನಗೆ ತಾಂಬೂಲ ಕೊಟ್ಟ. ಮುಂದಿನ ವರ್ಷದ ಮಾತನ್ನು ರಾಜೇಂದ್ರನ ಹತ್ತಿರ ಆಡಿದ. ಕಟ್ಟಳೆ ಕಟ್ಟಳೆಯೇ, ಅವನದೇನೂ ತಪ್ಪಿಲ್ಲ. ಬಿರುಕಿಗೆ ಬೆಳ್ಳಿ ಎಷ್ಟು ಹಿಡಿಯಿತು ಅಂತ ರಾಜೇಂದ್ರನನ್ನು ಕೇಳಿದೆ. ಅವನು ನೆಲ ನೋಡಿಕೊಂಡು ಹೇಳಿದ.

“ಬೆಳ್ಳಿ ಕಟ್ಟುಸ್ನಿಲ್ಲ ಕಣಣ್ಣ. ಅದು ಬಿರುಕಲ್ಲ. ಎಣ್ಣೆ ಜಿಡ್ಡಿಗೆ ನಿಮ್ ಉಳದ ಧೂಳು ಅಂಟ್ಕಂಡಿತ್ತು. ಒದ್ದೆ ಬಟ್ಟೇಲಿ ಒರುಸ್ದೆ, ಓಯ್ತು.”

ಶಂಖ ವಾಪಸ್ ತಕ್ಕೊ ಅಣ್ಣ ಅಂತಲೂ ಅಂದ. ನಿನ್ನ ಹತ್ತಿರವೇ ಇರಲಿ ಅಂದೆ. ಬಸ್ಸಿನಲ್ಲಿ ಅಳು ಬಂತು. ಅತ್ತರೆ ಕೆಮ್ಮು ಬರುತ್ತದೆ ಅಂತ ಅಳಲಿಲ್ಲ. ಇಂದ್ರಮ್ಮ ಕೈ ಹಿಡಿದುಕೊಂಡು ಕೂತಿದ್ದಳು, ಮೂವತ್ತು ಜನರ ಮುಂದೆ. ಮದುವೆಯಾದಾಗಿನಿಂದ ಹಾಗೆ ಹಿಡಿದವಳಲ್ಲ. ಇನ್ನು ಆ ಕೋಣೆಗೆ ಹೋಗುವುದಿಲ್ಲ ಅಂತ ಅವಳಿಗೆ ಮಾತು ಕೊಟ್ಟೆ.

ಸೆಪ್ಟೆಂಬರ್ 3, ಮಂಗಳವಾರ

ಹೇಳಿಹೋಗೋಣ ಅಂತ ಬಂದೆ. ಮೇಡಂ ಕಾರ್ಡು ಅಂಟಿಸುವ ಕೋಣೆಯಲ್ಲಿ ಕೆಲಸ ಕೊಡುತ್ತೇನೆ, ಪತಂಗದ ಕಡೆ ತಿರುಗಿಯೂ ನೋಡಬೇಡಿ ಅಂದರು. ಆಗಲಿ ಅಂದೆ. ಅವರ ಕಣ್ಣೂ ಒದ್ದೆಯಾಗಿತ್ತು.

ನೋಡಿದರೆ ಆರು ಟ್ರೇ ತುಂಬಿ ನಿಂತಿವೆ. ಮೆಷಿನ್ನಿಗೆ ಕೊಟ್ಟರೆ ಅರ್ಧ ಸಾಯುತ್ತವೆ. ಸಾಕಿದ ಕೈ, ಹಾಗೇ ಬಿಟ್ಟು ಹೋಗುವುದು ಹೇಗೆ? ಇವತ್ತೊಂದು ದಿನ ಹಿಡಿದುಕೊಟ್ಟು, ನಾಳೆಯಿಂದ ಕಾರ್ಡಿನ ಕೋಣೆ. ಇಂದ್ರಮ್ಮನಿಗೆ ನಾಳೆಯಿಂದ ಅಂತಲೇ ಹೇಳಿದ್ದು, ಅಂದುಕೊಳ್ಳುತ್ತೇನೆ. ನಳಿಗೆ ಬಾಯಿಗಿಟ್ಟು ನೋಡಿದೆ. ಎಳೆಯುವುದಕ್ಕೆ ಏನೂ ತೊಂದರೆ ಇಲ್ಲ. ಹೊರಗೆ ಬಿಡುವಾಗ ಮಾತ್ರ ಸ್ವಲ್ಪ ತಡ.

ಮೇಜಿನ ಆ ತುದಿ ಖಾಲಿ ಇದೆ. ಜರಡಿ ಅಲ್ಲೇ ಕವುಚಿಟ್ಟಿದ್ದಾರೆ.

ಬರೆಯುತ್ತಿದ್ದ ಹಾಗೇ ಈ ಪುಟದ ಮೇಲೆ ಹುಡಿ ಬಂದು ಕೂತಿದೆ. ಊದಿದೆ. ಮತ್ತೆ ಊದಿದೆ. ಇವತ್ತು ಗಾಳಿಯಲ್ಲಿ ತೇವ ಹೆಚ್ಚು, ಕಾಗದಕ್ಕೆ ಅಂಟಿಕೊಂಡುಬಿಟ್ಟಿದೆ. ಕೈಯಲ್ಲೇ ಒರೆಸಿದೆ.